ಹಳೇ ಸೈಕಲ್‌ಗೆ ಬೆಲೆ ಕಟ್ಟೋದು ಹೇಗೆ? ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿರೋ ಹಳೇ ಸೈಕಲ್ ಮಾರಬೇಕು ಅಂದವರೂ ಕೇಳುತ್ತಾರೆ, ಸೆಕೆಂಡ್ ಹ್ಯಾಂಡ್ ಒಂದು ಬೇಕಿತ್ತು ಅಂದವರೂ ಕೇಳುತ್ತಾರೆ. ಇಬ್ಬರ ಪ್ರಶ್ನೆಗಳೂ ಹೆಚ್ಚುಕಮ್ಮಿ ಒಂದೇ. ಇಲ್ಲಿ ಬರೋ ರೂಪಾಯಿ ಅಂಕಿಗಳು ಲೆಕ್ಕ ತೋರಿಸೋಕೆ ಇಟ್ಟುಕೊಂಡವು. ನಿಮ್ಮೂರ ಸೈಕಲ್ ಶಾಪಿನಲ್ಲಿ ಇವತ್ತಿನ ರೇಟು ಕೇಳಿ ಅದನ್ನೇ ಹಾಕಿಕೊಳ್ಳಿ.

ಸುತ್ತಿ ಬಳಸಿ ಬೇಡ. ಬೆಲೆ ಕಟ್ಟೋದು ಹೇಗೆ ಹೇಳಿ.

ಅಂಥದ್ದೇ ಸೈಕಲ್ ಚೆನ್ನಾಗಿ ಓಡೋ ಸ್ಥಿತಿಯಲ್ಲಿದ್ದರೆ ನಿಮ್ಮೂರಲ್ಲಿ ಎಷ್ಟಕ್ಕೆ ಹೋಗುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ನಿಮ್ಮ ಸೈಕಲ್‌ನ ಆ ಸ್ಥಿತಿಗೆ ತರೋಕೆ ಆಗೋ ಖರ್ಚನ್ನ ಅದರಿಂದ ಕಳೆಯಿರಿ. ಉಳಿದದ್ದು ಬೆಲೆ. ಅಪ್ಪ ಅದರಲ್ಲಿ ಹೈಸ್ಕೂಲಿಗೆ ಹೋಗಿದ್ದರು, ಅಜ್ಜ ಅದರಲ್ಲೇ ಸಂತೆಗೆ ಹೋಗುತ್ತಿದ್ದರು, ಇದೆಲ್ಲ ನಿಮಗೆ ದೊಡ್ಡದು. ಕೊಳ್ಳೋಕೆ ಬಂದವನು ಅದಕ್ಕೆ ಹತ್ತು ರೂಪಾಯಿನೂ ಜಾಸ್ತಿ ಕೊಡೋದಿಲ್ಲ.

ಒಂದು ಲೆಕ್ಕ ಮಾಡಿ ತೋರಿಸ್ತೀರಾ?

ಆಗಲಿ. 22 ಇಂಚಿನ ಫ್ರೇಮು, 28 ಇಂಚಿನ ಚಕ್ರ ಇರೋ ಕಪ್ಪು ಗಂಡಸರ ಸೈಕಲ್ ಒಂದು ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತಿದೆ ಅಂದುಕೊಳ್ಳಿ. ಹೊಸದಕ್ಕೆ 6,500 ರೂಪಾಯಿ. ಎಷ್ಟೇ ಚೆನ್ನಾಗಿರಲಿ, ಓಡಿಸೋಕೆ ತಗೊಳ್ಳೋವನು ಹಳೇದಕ್ಕೆ ಹೊಸದರ ಅರ್ಧಕ್ಕಿಂತ ಜಾಸ್ತಿ ಕೊಡೋಕೆ ಮನಸ್ಸು ಮಾಡೋದಿಲ್ಲ. ಹಾಗಾಗಿ 3,000 ಅಂತ ಇಡೋಣ.

ಈಗ ಕಳೆಯಿರಿ. ಎರಡು ಟೈರು, ಎರಡು ಟ್ಯೂಬಿಗೆ 1,200. ಚೈನು, ಫ್ರೀವೀಲ್ (ಹಿಂದಿನ ಚಕ್ರದಲ್ಲಿ ಚೈನು ಕೂರೋ ಹಲ್ಲುಚಕ್ರ) ಎರಡಕ್ಕೂ 450. ಬ್ರೇಕ್ ಕಟ್ಟೆಗಳು, ಸಣ್ಣಪುಟ್ಟ ನಟ್ಟು ಬೋಲ್ಟು 150. ಎಲ್ಲ ಬಿಚ್ಚಿ ಗ್ರೀಸ್ ಹಾಕಿ ಮತ್ತೆ ಕೂರಿಸೋ ಕೂಲಿ 500. ಒಟ್ಟು 2,300. ಉಳಿದದ್ದು 700. ನೀವು 1,000 ಹೇಳಿ, 700ಕ್ಕೆ ಬಂದರೆ ಕೊಟ್ಟುಬಿಡಿ.

ಇಷ್ಟೇನಾ ಅಂತ ಬೇಜಾರಾಗುತ್ತದೆ, ಗೊತ್ತು. ಆದರೆ ಅದೇ ಸೈಕಲ್‌ನಲ್ಲಿ ಟೈರು ಹೋದ ವರ್ಷ ಹಾಕಿಸಿದ್ದು, ಚೈನು ಸರಿ ಇದೆ ಅಂದರೆ ಬೆಲೆ 2,000 ದಾಟುತ್ತದೆ. ಎರಡೂ ಸೈಕಲ್ ಫೋಟೋದಲ್ಲಿ ಒಂದೇ ಥರ ಕಾಣುತ್ತವೆ ಅನ್ನೋದೇ ಇಲ್ಲಿನ ತೊಂದರೆ.

ಲೆಕ್ಕ ಸೊನ್ನೆಗಿಂತ ಕೆಳಗೆ ಹೋದರೆ?

ಗುಜರಿ ಬೆಲೆ ಇದ್ದೇ ಇದೆ. ಹಳೇ ಕಪ್ಪು ಸೈಕಲ್ ಸುಮಾರು 20 ಕಿಲೋ ತೂಗುತ್ತದೆ. ಗುಜರಿಯವನು ಕಿಲೋಗೆ 25 ಕೊಟ್ಟರೆ 500 ರೂಪಾಯಿ ಆಯಿತು. ಅದಕ್ಕಿಂತ ಕೆಳಗೆ ಯಾರಿಗೂ ಕೊಡಬೇಡಿ, ಅಕ್ಕಪಕ್ಕದ ಬಡ ಹುಡುಗನಿಗೆ ಸುಮ್ನೆ ಕೊಡೋದು ಬೇರೆ ಮಾತು. ಕೊಳ್ಳೋರಿಗೂ ಇದು ಗೊತ್ತಿರಲಿ. ಗುಜರಿ ರೇಟಿಗಿಂತ ಸ್ವಲ್ಪವೇ ಮೇಲೆ ಸಿಕ್ಕ ಸೈಕಲ್‌ನಲ್ಲಿ ನೀವು ಕಳೆದುಕೊಳ್ಳೋದು ಏನೂ ಇಲ್ಲ, ತಿರುಗಿ ತೂಕಕ್ಕೆ ಹಾಕಬಹುದು.

ಖರ್ಚು ಎಲ್ಲಿ ಅಡಗಿರುತ್ತದೆ? ನೋಡೋಕೆ ಹೋದಾಗ ಏನೇನು ಪರೀಕ್ಷೆ ಮಾಡಬೇಕು?

ಟೈರು, ಸೀಟು, ಪೇಂಟು ಎಲ್ಲರೂ ನೋಡುತ್ತಾರೆ. ಅವು ಕಣ್ಣಿಗೆ ಕಾಣೋ ಖರ್ಚು. ಜೇಬು ಖಾಲಿ ಮಾಡೋದು ಒಳಗಿನವು.

ಮೊದಲು ಸೀಟು. ಸೀಟಿನ ಕೆಳಗಿನ ನಟ್ ಸಡಿಲ ಮಾಡಿ, ಒಂದು ಇಂಚು ಮೇಲೆತ್ತಿ ತೋರಿಸಿ ಅಂತ ಮಾರೋರಿಗೇ ಹೇಳಿ. ಮಳೆನೀರು ಒಳಗಿಳಿದು ಸೀಟ್ ಪೈಪು ಫ್ರೇಮಿಗೆ ಕಚ್ಚಿಕೊಂಡಿದ್ದರೆ ಜಪ್ಪಯ್ಯ ಅಂದರೂ ಅಲ್ಲಾಡೋದಿಲ್ಲ. ಹ್ಯಾಂಡಲ್ ಕಥೆಯೂ ಅದೇ. ನಿಮ್ಮ ಎತ್ತರಕ್ಕೆ ಆ ಸೀಟು ಈಗಾಗಲೇ ಸರಿ ಇದ್ದರೆ ಪರವಾಗಿಲ್ಲ, ಇಲ್ಲದಿದ್ದರೆ ಆ ಸೈಕಲ್ ನಿಮ್ಮದಲ್ಲ.

ಆಮೇಲೆ ಪೆಡಲ್ ಹತ್ತಿರ ಕೂರಿ. ಎರಡೂ ಕ್ರ್ಯಾಂಕ್, ಅಂದರೆ ಪೆಡಲ್ ಹೊತ್ತ ಕೈಗಳನ್ನ, ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಒಂದೇ ಕಡೆದು ಲಟಪಟ ಅಂದರೆ ಕ್ರ್ಯಾಂಕನ್ನ ಆಕ್ಸಲ್‌ಗೆ ಬಿಗಿಯೋ ಕಾಟರ್ ಪಿನ್ ಸವೆದಿದೆ, ಅಗ್ಗದ ಕೆಲಸ. ಎರಡೂ ಒಟ್ಟಿಗೆ ಅಲ್ಲಾಡಿದರೆ ಒಳಗಿನ ಆಕ್ಸಲ್, ಬಾಲ್ಸು, ಬಾಲ್ಸು ಕೂರೋ ಬಟ್ಟಲು (ಕಪ್) ಮೂರನ್ನೂ ನೋಡಬೇಕಾಗುತ್ತದೆ. ಕೈಯಲ್ಲಿ ನಿಧಾನ ತಿರುಗಿಸಿದಾಗ ಒಳಗೆ ಮರಳು ಅರೆದ ಹಾಗೆ ಕರಕರ ಅಂದರೂ ಅಷ್ಟೇ.

ಚೈನಿಗೆ ಒಂದು ಸ್ಕೇಲ್ ಸಾಕು. ಒಂದು ಪಿನ್ನಿನ ನಡುವಿಂದ ಶುರು ಮಾಡಿ ಅಳೆಯಿರಿ. ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚಿಗೆ ಇನ್ನೊಂದು ಪಿನ್ನಿನ ನಡುಭಾಗ ಬರುತ್ತದೆ. ಆ ಪಿನ್ನು 12 ಇಂಚು ದಾಟಿ ಒಂದು ನೂಲಿನಷ್ಟು, ಅಂದರೆ ಎಂಟನೇ ಒಂದು ಇಂಚು, ಮುಂದೆ ಹೋಗಿದ್ದರೆ ಚೈನು ಮುಗಿದಿದೆ. ಅಷ್ಟು ಎಳೆದುಕೊಂಡ ಚೈನು ಫ್ರೀವೀಲ್‌ನ ಹಲ್ಲನ್ನೂ ತಿಂದಿರುತ್ತದೆ, ಹೊಸ ಚೈನು ಮಾತ್ರ ಹಾಕಿದರೆ ಏರಿನಲ್ಲಿ ಒತ್ತಿದಾಗ ಜಾರುತ್ತದೆ. ಹಾಗಾಗಿ ಎರಡನ್ನೂ ಲೆಕ್ಕಕ್ಕೆ ಹಾಕಿ.

ಚಕ್ರ ಎತ್ತಿ ತಿರುಗಿಸಿ, ಬ್ರೇಕ್ ಕಟ್ಟೆಯ ಪಕ್ಕ ಕಣ್ಣಿಟ್ಟು ನೋಡಿ. ಸ್ವಲ್ಪ ಓಲಾಡಿದರೆ ಬೆಂಡ್ ತೆಗೆಸಬಹುದು. ಆದರೆ ರಿಮ್ಮಿನ ಬಳಿ ಕಡ್ಡಿಗಳನ್ನ ಬಿಗಿಯೋ ನಿಪ್ಪಲ್ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಬೆಂಡ್ ತೆಗೆಯೋಕೆ ಹೋದಾಗ ಕಡ್ಡಿ ಒಂದೊಂದಾಗಿ ಪಟ್ ಪಟ್ ಅಂತ ತುಂಡಾಗುತ್ತದೆ. ಆಗ ರಿಮ್ಮು, ಕಡ್ಡಿ, ಕಟ್ಟೋ ಕೂಲಿ ಎಲ್ಲ ಸೇರಿ ಸೈಕಲ್‌ನ ಬೆಲೆಯನ್ನೇ ನುಂಗುತ್ತದೆ.

ಕೊನೆಗೆ ಫ್ರೇಮು. ಹ್ಯಾಂಡಲ್ ಕೆಳಗೆ ಎರಡು ಪೈಪು ಬಂದು ಸೇರೋ ಜಾಗದಲ್ಲಿ ಅಡಿಯಿಂದ ಬೆರಳಾಡಿಸಿ. ಪೇಂಟು ಸುಕ್ಕುಗಟ್ಟಿದ್ದರೆ, ಸಣ್ಣ ಉಬ್ಬು ಸಿಕ್ಕರೆ, ಸೈಕಲ್ ಎಲ್ಲೋ ಮುಂದಿನಿಂದ ಗುದ್ದಿದೆ. ಮುಂದಿನ ಫೋರ್ಕ್ ಪಕ್ಕದಿಂದ ನೋಡಿದಾಗ ಹಿಂದಕ್ಕೆ ಬಾಗಿದ್ದರೂ ಅದೇ ಅರ್ಥ. ಅನುಮಾನ ಇದ್ದರೆ ಒಂದು ದಾರ ತಗೊಳ್ಳಿ. ಹಿಂದಿನ ಚಕ್ರದ ಆಕ್ಸಲ್ ಕೂರೋ ಜಾಗಕ್ಕೆ ಒಂದು ತುದಿ ಕಟ್ಟಿ, ಹ್ಯಾಂಡಲ್ ಕೆಳಗಿನ ಪೈಪನ್ನ ಸುತ್ತಿಸಿ, ಇನ್ನೊಂದು ಕಡೆಯಿಂದ ಹಿಂದಕ್ಕೆ ತಂದು ಬಿಗಿಯಾಗಿ ಕಟ್ಟಿ. ಸೀಟಿನ ಕೆಳಗಿನ ಪೈಪಿಗೂ ದಾರಕ್ಕೂ ನಡುವೆ ಎರಡೂ ಕಡೆ ಒಂದೇ ಅಂತರ ಇರಬೇಕು. ಇಲ್ಲದಿದ್ದರೆ ಫ್ರೇಮು ಸೊಟ್ಟ. ಫ್ರೇಮು ಸೊಟ್ಟಗಿರೋದಕ್ಕೆ ತೂಕದ ಬೆಲೆ ಮಾತ್ರ, ಮಾತೇ ಇಲ್ಲ.

ಕೊಡಗಿನ ಸೈಕಲ್ ಅಂದರೆ ತುಕ್ಕು ಗ್ಯಾರಂಟಿ ಅಲ್ವಾ?

ಎಲ್ಲಿಟ್ಟಿದ್ದರು ಅನ್ನೋದರ ಮೇಲೆ ಹೋಗುತ್ತದೆ. ಎಷ್ಟು ವರ್ಷ ಹಳೇದು ಅನ್ನೋದಕ್ಕಿಂತ ನಾನು ಇದನ್ನೇ ಮೊದಲು ಕೇಳೋದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರು ನಮ್ಮದು. ಜಗಲಿ ಮೇಲೆ ಇರಿಚಲಿಗೆ ಸಿಕ್ಕ ಸೈಕಲ್‌ಗೂ, ಒಲೆಯ ಬಿಸಿ ತಾಗೋ ಅಟ್ಟದಲ್ಲಿ ನೇತುಹಾಕಿದ ಸೈಕಲ್‌ಗೂ ಅಜಗಜಾಂತರ. ಅಟ್ಟದ್ದು ಮಸಿ ಬಳಿದ ಹಾಗಿರುತ್ತದೆ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಕೆಳಗೆ ಕ್ರೋಮು ಫಳಫಳ ಅನ್ನುತ್ತದೆ.

ತುಂಬಾ ಕೆಟ್ಟ ಜಾಗ ಅಂದರೆ ತೋಟದ ಗೊಬ್ಬರದ ಗೋಡೌನು. ಪೊಟ್ಯಾಷ್ ಚೀಲ ಅಂದರೆ ಒಂಥರಾ ಉಪ್ಪೇ, ಗಾಳಿಯ ತೇವ ಎಳೆದುಕೊಂಡು ಪಕ್ಕದ ಕಬ್ಬಿಣವನ್ನೆಲ್ಲ ತಿನ್ನುತ್ತದೆ. ಬೋರ್ಡೋ ದ್ರಾವಣದ (ಗಿಡಕ್ಕೆ ಹೊಡೆಯೋ ಮೈಲುತುತ್ತ, ಸುಣ್ಣದ ನೀರು) ಡ್ರಮ್ಮು, ಬಕೆಟ್ಟು ಹೊತ್ತ ಸೈಕಲ್‌ಗಳನ್ನೂ ಹುಷಾರಾಗಿ ನೋಡಿ. ಕ್ಯಾರಿಯರ್ ಮೇಲೆ, ಹಿಂದಿನ ರಿಮ್ಮಿನ ಮೇಲೆ ತಿಳಿನೀಲಿ ಕಲೆ ಇದ್ದರೆ ಅದು ಮೈಲುತುತ್ತ. ಕಬ್ಬಿಣಕ್ಕೂ ಅದಕ್ಕೂ ಆಗಿಬರೋದಿಲ್ಲ. ಉಗುರಿನಲ್ಲಿ ಕೆರೆದು ನೋಡಿ, ಕ್ರೋಮು ಸಿಪ್ಪೆಯ ಹಾಗೆ ಎದ್ದು ಬಂದರೆ ಆ ರಿಮ್ಮಿಗೆ ಬೆಲೆ ಇಲ್ಲ.

ಮೇಲ್ಮೈಯ ಕೆಂಪು ತುಕ್ಕಿಗೆ ಹೆದರಬೇಡಿ. ಅದು ಚೌಕಾಸಿಗೆ ಒಳ್ಳೆಯದು.

ಅದೇ ಸೈಕಲ್‌ಗೆ ಮಡಿಕೇರಿಯಲ್ಲಿ ಒಂದು ಬೆಲೆ, ಕುಶಾಲನಗರದಲ್ಲಿ ಇನ್ನೊಂದು ಬೆಲೆ. ಯಾಕೆ?

ಏರು ಇಳಿವು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಕುಶಾಲನಗರ ಅದಕ್ಕಿಂತ 300 ಮೀಟರಿನಷ್ಟು ಕೆಳಗೆ, ಹೊಳೆ ಪಕ್ಕ, ಸಮ ಜಾಗ. ಕುಶಾಲನಗರ, ಕೂಡಿಗೆ, ಹೆಬ್ಬಾಲೆ, ಶಿರಂಗಾಲ ಕಡೆ ಗದ್ದೆಗೆ, ಅಂಗಡಿಗೆ, ಡೈರಿಗೆ ಸೈಕಲ್ ತುಳಿದುಕೊಂಡೇ ಹೋಗಬಹುದು. ಮಡಿಕೇರಿಯಲ್ಲಿ 20 ಕಿಲೋದ ಗೇರಿಲ್ಲದ ಸೈಕಲ್ ತಗೊಂಡವನು ಹೋಗೋವಾಗ ಬ್ರೇಕ್ ಹಿಡಿದುಕೊಂಡು ಇಳಿಯುತ್ತಾನೆ, ಬರೋವಾಗ ತಳ್ಳಿಕೊಂಡು ಬರುತ್ತಾನೆ. ಅಂಥದ್ದಕ್ಕೆ ಯಾರು ದುಡ್ಡು ಕೊಡುತ್ತಾರೆ ಹೇಳಿ.

ಗೇರ್ ಸೈಕಲ್‌ಗೆ ಉಲ್ಟಾ. ಮಡಿಕೇರಿ, ಸೋಮವಾರಪೇಟೆ ಕಡೆ ಗೇರು ಸರಿಯಾಗಿ ಬೀಳೋ ಸೈಕಲ್‌ಗೆ ಗಿರಾಕಿ ಇದ್ದಾರೆ. ಗೋಣಿಕೊಪ್ಪ, ಪೊನ್ನಂಪೇಟೆ ನಡುವೆ ಎರಡೂ ನಡೆಯುತ್ತದೆ. ಸಿದ್ದಾಪುರ, ಮಾಲ್ದಾರೆ ಕಡೆಯ ಮಾತು ಬೇರೆ. ಅಲ್ಲಿ ರಸ್ತೆ ಹೇಗೇ ಇರಲಿ, ಬೆಳಗಿನ ಜಾವ, ಸಂಜೆ ಮೇಲೆ ಆನೆ ಭಯಕ್ಕೆ ಸೈಕಲ್ ಹತ್ತೋರೇ ಕಡಿಮೆ.

ಹಾಗಾಗಿ ಮಡಿಕೇರಿಯ ಕಪ್ಪು ಸೈಕಲ್‌ನ ಪಿಕಪ್ಪಿನಲ್ಲಿ ಹಾಕಿಕೊಂಡು ಕುಶಾಲನಗರಕ್ಕೆ ತಂದರೆ ಬೆಲೆ ಏರುತ್ತದೆ. ಅದಕ್ಕಂತಲೇ ಬಾಡಿಗೆ ಕೊಟ್ಟು ತರಬೇಡಿ, ಲಾಭ ಗಾಡಿಯವನಿಗೆ ಹೋಗುತ್ತದೆ.

ಬ್ರೇಕ್ ಹಿಡಿಯೋದಿಲ್ಲ, ಆದರೂ ಎಲ್ಲ ಚೆನ್ನಾಗಿದೆ ಅಂತಾರೆ. ತಗೊಳ್ಳಬಹುದಾ?

ಕಂಬಿ ಬ್ರೇಕಿನ, ಅಂದರೆ ತಂತಿ ಬದಲು ಕಂಬಿ ಇರೋ ಬ್ರೇಕಿನ, ಹಳೇ ಸೈಕಲ್‌ನಲ್ಲಿ ಕಟ್ಟೆ ಬಂದು ಒತ್ತೋದು ರಿಮ್ಮಿನ ಒಳಮೈಗೆ, ಟ್ಯೂಬಿನ ಕಡೆಯಲ್ಲ, ಕಡ್ಡಿಯ ಕಡೆ. ಕ್ರೋಮ್ ರಿಮ್ಮು ಒದ್ದೆಯಾದಾಗ ಅದು ಹೊಸದಿದ್ದಾಗಲೂ ಅರ್ಧಂಬರ್ಧ ಹಿಡಿಯೋದೇ. ಕೊಡಗಿನ ಇಳಿಜಾರಿನಲ್ಲಿ, ಮಳೆಯಲ್ಲಿ ಇದು ಬೆಲೆಯ ವಿಷಯವೇ ಅಲ್ಲ, ಜೀವದ ವಿಷಯ. ಕಟ್ಟೆ ಬದಲಾಯಿಸಿ, ಕಂಬಿಗಳ ಕೀಲಿಗೆ ಎಣ್ಣೆ ಬಿಟ್ಟು ನೋಡಿ. ಆಮೇಲೂ ಹಿಡಿಯದಿದ್ದರೆ ಇಳಿಜಾರಿನ ಕಡೆಯವರು ತಗೊಳ್ಳಬೇಡಿ, ಮಾರೋರೂ ಸಮ ಜಾಗದವರಿಗೆ ಮಾತ್ರ ಮಾರಿ.

ಯಾವಾಗ ಮಾರಿದರೆ ಒಳ್ಳೇ ರೇಟು?

ಮಳೆಗಾಲದಲ್ಲಿ ಬೇಡ. ಜುಲೈಯಲ್ಲಿ ಸೈಕಲ್ ಕೇಳಿಕೊಂಡು ಬರೋವನು ಒಂದೋ ತೀರಾ ಅಗತ್ಯ ಇದ್ದವನು, ಇಲ್ಲವೇ ನಿಮ್ಮ ಕಷ್ಟ ನೋಡಿ ಅರ್ಧಕ್ಕೆ ಕೇಳೋಣ ಅಂತ ಬಂದವನು. ಸುಗ್ಗಿ ಹಬ್ಬ ಪುತ್ತರಿ ಕಳೆದು ಕಾಫಿ ಕೊಯ್ಲು ಶುರುವಾದ ಮೇಲೆ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಜನರ ಕೈಯಲ್ಲಿ ಕಾಸು ಓಡಾಡುತ್ತದೆ. ತೋಟದ ಲೈನ್ ಮನೆಗಳಲ್ಲಿರೋ ಕಾರ್ಮಿಕರು, ಅಸ್ಸಾಂ ಕಡೆಯಿಂದ ತೋಟದ ಕೆಲಸಕ್ಕೆ ಬಂದವರು ಆಗ ಹುಡುಕುತ್ತಾರೆ. ಅವರಿಗೆ ಅಂದಚಂದ ಬೇಡ. ಗಟ್ಟಿ ಕ್ಯಾರಿಯರ್, ಒಳ್ಳೇ ಟೈರು, ಕೆಲಸ ಮಾಡೋ ಬ್ರೇಕು ಸಾಕು. ಮಕ್ಕಳ ಸೈಕಲ್ ಆದರೆ ಏಪ್ರಿಲ್, ಮೇ, ಶಾಲೆಗೆ ರಜೆ ಇರುವಾಗ.

ಅಜ್ಜನ ಕಾಲದ ರಾಲೆ ಸೈಕಲ್ ಇದೆ. ಆಂಟಿಕ್ ಅಲ್ವಾ, ಲಕ್ಷಕ್ಕೆ ಹೋಗುತ್ತಾ?

ಅತಿ ಹೆಚ್ಚು ಬರೋ ಪ್ರಶ್ನೆ ಇದು. ಲಕ್ಷ ಮರೆತುಬಿಡಿ. ಆದರೂ ಗುಜರಿಗೆ ಹಾಕೋ ಮುಂಚೆ ಸ್ವಲ್ಪ ಕೂತು ನೋಡಿ.

ಮೊದಲನೇದು, ಹೆಸರು ರಾಲೆ ಅಂತಿದ್ದ ಮಾತ್ರಕ್ಕೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದದ್ದು ಅಂತಲ್ಲ. ಇಂಗ್ಲೆಂಡಿನ ರಾಲೆ ನಾಟಿಂಗ್‌ಹ್ಯಾಮ್‌ನದು. ಸ್ವಾತಂತ್ರ್ಯ ಬಂದ ಮೇಲೆ ಪಶ್ಚಿಮ ಬಂಗಾಳದ ಅಸನ್‌ಸೋಲ್‌ನಲ್ಲಿ ಸೆನ್-ರಾಲೆ ಕಾರ್ಖಾನೆ ಅದೇ ಹೆಸರಿನ ಸೈಕಲ್‌ಗಳನ್ನ ಮಾಡಿತು. ಹರ್ಕ್ಯುಲಿಸ್ ಕೂಡ ಹಾಗೇ. ಮೂಲ ಬರ್ಮಿಂಗ್‌ಹ್ಯಾಮ್, ಆದರೆ 1949ರಲ್ಲಿ ಮದರಾಸಿನಲ್ಲಿ ಟಿಐ ಸೈಕಲ್ಸ್ ಶುರುವಾಗಿ ಅಂಬತ್ತೂರಿನಲ್ಲಿ ಅವನ್ನ ಮಾಡುತ್ತಾ ಬಂದರು. ನಮ್ಮ ಕಡೆಯ ಮನೆಗಳಲ್ಲಿ ಇರೋ ಹಳೇ ಹರ್ಕ್ಯುಲಿಸ್, ಬಿಎಸ್‌ಎ, ಫಿಲಿಪ್ಸ್‌ಗಳಲ್ಲಿ ಹೆಚ್ಚಿನವು ಇಲ್ಲಿ ಆದವೇ. ಅವು ಕಳಪೆ ಅಂತ ಅಲ್ಲ, ಓಡಿಸೋಕೆ ಬಲು ಗಟ್ಟಿ. ಸಂಗ್ರಹ ಮಾಡೋರು ಕೊಡೋ ಬೆಲೆ ಮಾತ್ರ ಬೇರೆ.

ಎರಡನೇದು, ಭಾಗಗಳು ಮೂಲದ್ದೇನಾ ಅಂತ. ಹ್ಯಾಂಡಲ್ ಕೆಳಗಿನ ಲಾಂಛನದ ತಗಡು ಇದೆಯಾ? ರಾಲೆಯಲ್ಲಿ ಕೊಕ್ಕರೆ ತಲೆ, ಬಿಎಸ್‌ಎಯಲ್ಲಿ ಒಟ್ಟಿಗೆ ನಿಲ್ಲಿಸಿದ ಮೂರು ಬಂದೂಕು. ಬಂದೂಕು ಮಾಡೋ ಕಂಪನಿಯಾಗಿ ಶುರುವಾದದ್ದು ಅದು, ಕೋವಿ ಪೂಜೆ ಮಾಡೋ ನಮ್ಮೂರಿಗೆ ಸರಿಹೋಗೋ ಬ್ರಾಂಡು ಬಿಡಿ. ಚೈನ್‌ವೀಲ್, ಅಂದರೆ ಪೆಡಲ್ ಹತ್ತಿರದ ದೊಡ್ಡ ಹಲ್ಲುಚಕ್ರ, ನೋಡಿ. ಹಂಬರ್ ಅನ್ನೋ ಇಂಗ್ಲೆಂಡ್ ಬ್ರಾಂಡಿನಲ್ಲಿ ಸಣ್ಣ ಸಣ್ಣ ಮನುಷ್ಯರ ಆಕೃತಿ ಇರುತ್ತದೆ, ರಡ್ಜ್ ಬ್ರಾಂಡಿನಲ್ಲಿ ಅಂಗೈ. ಹಂಬರ್‌ಗೆ ಮುಂದಿನ ಫೋರ್ಕೇ ಬೇರೆ ಥರ, ಒಂದೊಂದು ಕಡೆ ಎರಡೆರಡು ಕಂಬಿ. ಬ್ರೂಕ್ಸ್ ತೊಗಲಿನ ಸೀಟು, ಪೂರ್ತಿ ಮುಚ್ಚಿದ ಚೈನ್ ಕವರ್, ಡೈನಮೋ, ಪಂಪು, ಬೆಲ್ಲು, ಇವೆಲ್ಲ ಆಗಿನದೇ ಆಗಿದ್ದರೆ ಬೆಲೆ ಏರುತ್ತಾ ಹೋಗುತ್ತದೆ. ಅಪರೂಪಕ್ಕೆ ಸೀಟು ಒಂದಕ್ಕೇ ಉಳಿದ ಸೈಕಲ್‌ಗಿಂತ ಜಾಸ್ತಿ ಕೊಡೋರು ಸಿಗುತ್ತಾರೆ.

ಹಾಗಾದರೆ ಎಷ್ಟು? ಎಲ್ಲ ಮೂಲದ್ದೇ ಇದ್ದು ತುಕ್ಕಿಲ್ಲದ ಇಂಗ್ಲೆಂಡಿನ ಸೈಕಲ್ ಆದರೆ ಮೇಲಿನ ಕಳೆಯೋ ಲೆಕ್ಕ ಬಿಟ್ಟುಬಿಡಿ. ಬೆಂಗಳೂರು, ಮೈಸೂರಿನಲ್ಲಿ ಹಳೇ ಸೈಕಲ್ ಸಂಗ್ರಹ ಮಾಡೋ ಇಬ್ಬರು ಮೂವರಿಗೆ ತೋರಿಸಿ, ಅವರು ಹೇಳಿದ್ದನ್ನ ಹೋಲಿಸಿ. ಒಬ್ಬನೇ ಗಿರಾಕಿ ಬಂದು ಜೇಬಿನಿಂದ ನೋಟು ತೆಗೆದು ಈಗಲೇ ಕೊಡಿ ಅಂತ ಅವಸರ ಮಾಡಿದರೆ, ಅದರಲ್ಲಿ ನಿಮಗೆ ಕಾಣದ್ದು ಅವನಿಗೆ ಏನೋ ಕಂಡಿದೆ ಅಂತಲೇ ತಿಳಿಯಿರಿ.

ಕೊಳ್ಳೋರಿಗೆ ಒಂದು ಎಚ್ಚರಿಕೆ. ಹಳೇ ನಾಟಿಂಗ್‌ಹ್ಯಾಮ್ ರಾಲೆಯ ಕೆಲವು ಭಾಗಗಳ ಮರೆ, ಅಂದರೆ ಥ್ರೆಡ್ಡು, ಬೇರೆ ಸೈಕಲ್‌ಗಳ ಅಳತೆಯದಲ್ಲ. ಪೆಡಲ್ ಆಕ್ಸಲ್‌ನ ಬಾಲ್ಸು ಕೂರೋ ಕಪ್ ಹೋದರೆ ಇಲ್ಲಿನ ಅಂಗಡಿಯದ್ದು ಕೂರೋದಿಲ್ಲ.

ಎಷ್ಟು ವರ್ಷ ಹಳೇದು ಅಂತ ಕಂಡುಹಿಡಿಯೋದು ಹೇಗೆ?

ಹಿಂದಿನ ಚಕ್ರದ ನಡುವಿನ ಹಬ್ ಒರೆಸಿ ನೋಡಿ. ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ಸ್ಪೀಡಿನ ಹಬ್ ಇದ್ದರೆ ಅದರ ಮೈಮೇಲೆ ಮಾದರಿಯ ಅಕ್ಷರದ ಜೊತೆ ಇಸವಿಯ ಅಂಕಿ, ಹೆಚ್ಚಾಗಿ ತಿಂಗಳೂ, ಒತ್ತಿರುತ್ತಾರೆ. 62, 5 ಅಂತಿದ್ದರೆ 1962ರ ಮೇ. ಅದು ಹಬ್‌ನ ವಯಸ್ಸು ಅನ್ನೋದು ನೆನಪಿರಲಿ, ಯಾರೋ ಚಕ್ರ ಬದಲಾಯಿಸಿರಬಹುದು.

ಮತ್ತೆ ಬಿಲ್ಲೆ. ಹಿಂದೆಲ್ಲ ಸೈಕಲ್‌ಗೂ ತೆರಿಗೆ ಇತ್ತು, ಊರಾಡಳಿತದವರು ಇಸವಿ ಅಚ್ಚು ಹಾಕಿದ ಸಣ್ಣ ಲೋಹದ ಬಿಲ್ಲೆ ಕೊಡುತ್ತಿದ್ದರು. ಹಳೇ ಸೈಕಲ್‌ನ ಫೋರ್ಕಿನ ಹತ್ತಿರ ಅದು ಇನ್ನೂ ಅಂಟಿಕೊಂಡಿದ್ದರೆ ಅಷ್ಟರೊಳಗೆ ಸೈಕಲ್ ಇತ್ತು ಅಂತಾಯಿತು. ಕೊಡಗು ಬೇರೆ ರಾಜ್ಯವಾಗಿದ್ದ ಕಾಲದ್ದು, ಅಂದರೆ 1956ರ ನವೆಂಬರ್‌ಗೆ ಮುಂಚಿನದು ಸಿಕ್ಕರೆ ಬಿಚ್ಚಿ ಇಟ್ಟುಕೊಳ್ಳಿ, ಸೈಕಲ್ ಜೊತೆ ಸುಮ್ನೆ ಕೊಟ್ಟುಬಿಡಬೇಡಿ.

ಮನೆಯವರು ಹೇಳೋ ಇಸವಿ ನಂಬಬೇಡಿ. ಎಲ್ಲರ ಅಜ್ಜನೂ ಬ್ರಿಟಿಷ್ ದೊರೆಯ ಹತ್ತಿರವೇ ಸೈಕಲ್ ತಗೊಂಡಿರುತ್ತಾರೆ.

ನಮ್ಮದು ಮಿಲಿಟರಿ ಸೈಕಲ್. ಅದಕ್ಕೆ ಜಾಸ್ತಿ ಅಲ್ವಾ?

ಹಸಿರು ಪೇಂಟ್ ಇದ್ದರೆ ಮಿಲಿಟರಿ ಆಗೋದಿಲ್ಲ. ಮನೆಗೊಬ್ಬ ಫೌಜಿ ಇರೋ ಜಿಲ್ಲೆ, ಪೇಂಟ್ ಎಲ್ಲಿಂದ ಬಂತೋ. ಎರಡನೇ ಮಹಾಯುದ್ಧದ ಬ್ರಿಟಿಷ್ ಸೇನೆಯದಾದರೆ ಅಗಲ ಬಾಣದ ಗುರುತು ಒತ್ತಿರುತ್ತದೆ. ಬಿಎಸ್‌ಎಯ ಮಡಚೋ ಸೈಕಲ್ ಆದರೆ ಫ್ರೇಮಿನ ನಡುವೆ ಕೈಯಲ್ಲೇ ತಿರುಗಿಸೋ ರೆಕ್ಕೆಯಂಥ ನಟ್ಟುಗಳಿರುತ್ತವೆ. ಅದು ನಿಮ್ಮಲ್ಲಿದ್ದರೆ ಇಲ್ಲಿ ಓದೋದು ನಿಲ್ಲಿಸಿ, ಮೊದಲು ಬೀಗ ಹಾಕಿ.

ಪೇಂಟ್ ಹೊಡೆಸಿ ಮಾರೋಣ ಅಂತಿದ್ದೀನಿ.

ಹಳೇ ಇಂಗ್ಲೆಂಡ್ ಸೈಕಲ್‌ಗೆ ಹೊಡೆಸಲೇಬೇಡಿ. ಮಾಸಿದ ಚಿನ್ನದ ಗೆರೆ, ಅರ್ಧ ಅಳಿಸಿದ ಹೆಸರು ಇವೇ ಅದರ ಬೆಲೆ, ಹೊಸ ಪೇಂಟು ಬಿದ್ದ ದಿನ ಅದು ಹೋಯಿತು. ಓಡಿಸೋ ಸೈಕಲ್‌ಗೆ ಹೊಡೆಸಿದರೆ ಬೆಲೆ ಹೋಗೋದಿಲ್ಲ, ಹಾಕಿದ ದುಡ್ಡು ವಾಪಸ್ಸೂ ಬರೋದಿಲ್ಲ. ಕೊಳ್ಳೋರು ಹೊಸ ಪೇಂಟಿನ ಹಳೇ ಸೈಕಲ್ ಕಂಡರೆ ಫ್ರೇಮಿನಲ್ಲಿ ಏನು ಮುಚ್ಚಿದ್ದಾರೆ ಅಂತಲೇ ನೋಡುತ್ತಾರೆ, ನೋಡಬೇಕು ಕೂಡ.

ರಿಪೇರಿ ಮಾಡಿಸಿ ಮಾರೋದಾ, ಹಾಗೇ ಮಾರೋದಾ?

ಗಾಳಿ ಹಾಕಿ, ಒರೆಸಿ, ಚೈನಿಗೆ ಎಣ್ಣೆ ಬಿಟ್ಟು, ಪಂಕ್ಚರ್ ಇದ್ದರೆ ಹಾಕಿಸಿ ಮಾರಿ. ಅಷ್ಟು ಮಾಡಿದರೆ ಗಿರಾಕಿ ಹತ್ತಿ ಒಂದು ಸುತ್ತು ಹೊಡೆಯಬಹುದು, ಹೊಡೆದವನಿಗೆ ಬಿಟ್ಟುಹೋಗೋಕೆ ಮನಸ್ಸು ಬರೋದಿಲ್ಲ. ಹೊಸ ಟೈರು, ಹೊಸ ರಿಮ್ಮು ಹಾಕಿಸಿ ಮಾರೋದು ನಷ್ಟ.

ಆನ್‌ಲೈನ್‌ನಲ್ಲಿ ಇದೇ ಥರದ್ದಕ್ಕೆ 25,000 ಅಂತ ಹಾಕಿದ್ದಾರೆ?

ಹಾಕಿದ್ದಾರೆ, ಹೋಗಿಲ್ಲ. ಹೋಗಿದ್ದರೆ ಅಲ್ಲಿ ಇರುತ್ತಿರಲಿಲ್ಲ. ಕೇಳೋ ಬೆಲೆ ನೋಡಿ ಏನೂ ತೀರ್ಮಾನ ಮಾಡಬೇಡಿ. ಒಂದೇ ಸೈಕಲ್ ತಿಂಗಳುಗಟ್ಟಲೆ ಅಲ್ಲೇ ಇದ್ದರೆ ಆ ಬೆಲೆಗೆ ಗಿರಾಕಿ ಇಲ್ಲ ಅಂತ ಮಾತ್ರ ಗೊತ್ತಾಗುತ್ತದೆ.

ಹೋಂಸ್ಟೇಯವರು ತುಕ್ಕು ಹಿಡಿದ ಸೈಕಲ್‌ಗೂ ಒಳ್ಳೇ ದುಡ್ಡು ಕೊಡ್ತಾರಂತೆ, ನಿಜಾನಾ?

ನಿಜ, ಕೆಲವರು ಕೊಡುತ್ತಾರೆ. ಅವರಿಗೆ ಸೈಕಲ್ ಓಡಬೇಕಿಲ್ಲ. ಗೇಟಿನ ಹತ್ತಿರ ನಿಲ್ಲಿಸಿ, ಕ್ಯಾರಿಯರ್ ಮೇಲೆ ಹೂಕುಂಡ ಇಟ್ಟು, ಬಂದವರು ಫೋಟೋ ತೆಗೆಸಿಕೊಂಡರೆ ಆಯಿತು. ಇಲ್ಲಿ ಲೆಕ್ಕವೇ ತಲೆಕೆಳಗು. ಚೈನು, ಫ್ರೀವೀಲ್, ಆಕ್ಸಲ್ ಯಾವುದೂ ಎಣಿಕೆಗಿಲ್ಲ. ದೊಡ್ಡ ಚಕ್ರ, ಕಂಬಿ ಬ್ರೇಕು, ಉದ್ದ ಮಡ್‌ಗಾರ್ಡು, ದುಂಡು ಲೈಟು ಇದ್ದರೆ ಗುಜರಿ ಬೆಲೆಯ ಎರಡು ಮೂರು ಪಟ್ಟು ಧೈರ್ಯವಾಗಿ ಕೇಳಿ. ಆಕ್ಸಲ್ ಹೋದ, ಕಡ್ಡಿ ಕಚ್ಚಿಕೊಂಡ ಸೈಕಲ್‌ಗೆ ಇದೇ ಒಳ್ಳೇ ದಾರಿ. ಚೆನ್ನಾಗಿ ಓಡೋ ಸೈಕಲ್ ಮಾತ್ರ ಹೂಕುಂಡಕ್ಕೆ ಕೊಡಬೇಡಿ ಅಂತ ನನ್ನ ಕೋರಿಕೆ, ಒಂದೇ ಮಳೆಗಾಲಕ್ಕೆ ಮುಗಿಯುತ್ತದೆ.

21 ಗೇರಿನ ಸೈಕಲ್ 14,000 ಕೊಟ್ಟು ತಗೊಂಡಿದ್ದೆ, ಹೆಚ್ಚು ಓಡಿಸಿಲ್ಲ. ಅರ್ಧ ಆದರೂ ಬರಬೇಕಲ್ವಾ?

ಬರಬೇಕು, ಬರೋದು ಕಷ್ಟ. ಓಡಿಸಿಲ್ಲ ಅನ್ನೋದು ನಿಮಗೆ ಒಳ್ಳೇ ಮಾತು, ನೋಡೋಕೆ ಬಂದವನಿಗೆ ಅಲ್ಲ. ನಿಂತ ಸೈಕಲ್‌ನಲ್ಲಿ ಟೈರಿನ ಪಕ್ಕಗಳು ಬಿರಿಯುತ್ತವೆ, ಗೇರಿನ ತಂತಿ ಕವಚದೊಳಗೆ ತುಕ್ಕು ಹಿಡಿದು ಬಿಗಿಯುತ್ತದೆ, ಮುಂದಿನ ಶಾಕ್ ಅಬ್ಸಾರ್ಬರ್ ಒತ್ತಿದರೆ ಇಳಿಯೋದಿಲ್ಲ, ಇಳಿದರೆ ಏಳೋದಿಲ್ಲ.

ಹತ್ತಿ ಎಲ್ಲ ಗೇರೂ ಒಂದೊಂದಾಗಿ ಹಾಕಿ ನೋಡಬೇಕು, ಅದೂ ಏರಿನಲ್ಲಿ. ಸ್ಟ್ಯಾಂಡ್ ಹಾಕಿ ಕೈಯಲ್ಲಿ ತಿರುಗಿಸಿದರೆ ಎಲ್ಲ ಗೇರೂ ಬೀಳುತ್ತವೆ, ತೂಕ ಬಿದ್ದಾಗ ಬಂಡವಾಳ ಬಯಲಾಗುತ್ತದೆ. ಹಿಂದಿನಿಂದ ನಿಂತು ನೋಡಿ. ಚೈನನ್ನ ಹಲ್ಲಿನಿಂದ ಹಲ್ಲಿಗೆ ಸರಿಸೋ ಗೇರ್ ಡಿರೇಲರ್ ನೇತಾಡೋ ಲೋಹದ ತುಂಡು ಒಳಕ್ಕೆ ಬಾಗಿದ್ದರೆ ಸೈಕಲ್ ಬಲಕ್ಕೆ ಬಿದ್ದಿದೆ, ದೊಡ್ಡ ಹಲ್ಲಿಗೆ ಹಾಕಿದಾಗ ಅದು ಕಡ್ಡಿಗೆ ಸಿಕ್ಕಿಹಾಕಿಕೊಳ್ಳಬಹುದು.

ಇನ್ನೊಂದು ಏಟು ಜಿಎಸ್‌ಟಿಯಿಂದ ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿಯಿತು. ನೀವು ಹಳೇ ತೆರಿಗೆಯಲ್ಲಿ ಕೊಂಡಿರಬಹುದು, ಗಿರಾಕಿ ಹೋಲಿಸೋದು ಇವತ್ತಿನ ಹೊಸ ಬೆಲೆಗೆ. ಆದ್ದರಿಂದ ನಿಮ್ಮ ಹಳೇ ಬಿಲ್ ತೋರಿಸಿ ವಾದ ಮಾಡಬೇಡಿ, ಅಂಗಡಿಯ ಈಗಿನ ರೇಟಿನಿಂದಲೇ ಲೆಕ್ಕ ಶುರು ಮಾಡಿ.

ಅಟ್ಲಾಸ್ ಕಂಪನಿ ಮುಚ್ಚಿತಲ್ಲ, ಅದರ ಸೈಕಲ್ ತಗೊಂಡರೆ ಪಾರ್ಟ್ಸ್ ಸಿಗುತ್ತಾ?

ಕಪ್ಪು ಸೈಕಲ್ ಆದರೆ ಯೋಚನೆ ಬೇಡ. 1951ರಲ್ಲಿ ಸೋನಿಪತ್‌ನಲ್ಲಿ ಶುರುವಾದ ಕಂಪನಿ ಅದು. ಸಾಹಿಬಾಬಾದಿನ ಕಾರ್ಖಾನೆ 2020ರ ಜೂನ್ 3ರಂದು ನಿಂತಿತು, ಅವತ್ತೇ ವಿಶ್ವ ಸೈಕಲ್ ದಿನ, ವಿಧಿ ನೋಡಿ. ಆದರೆ ಅಟ್ಲಾಸ್, ಹೀರೋ, ಏವನ್ ಕಪ್ಪು ಸೈಕಲ್‌ಗಳ ಟೈರು, ಚೈನು, ಬಾಲ್ಸು, ಕಾಟರ್ ಪಿನ್ನು ಎಲ್ಲ ಹೆಚ್ಚುಕಮ್ಮಿ ಒಂದೇ ಅಳತೆ. ಹೆಸರಿನ ಕಾರಣಕ್ಕೆ ಬೆಲೆ ಇಳಿಸೋದೂ ಬೇಡ, ಸಿಗೋದೇ ಇಲ್ಲ ಅಂತ ಏರಿಸೋದೂ ಬೇಡ.

ಮಕ್ಕಳ ಸೈಕಲ್?

ಹೊಸದರ ಮೂರನೇ ಒಂದು ಭಾಗ. ಸೈಡ್ ವೀಲ್ ಜೊತೆಗಿದ್ದರೆ ಬೇಗ ಹೋಗುತ್ತದೆ. ಪರಿಚಯದವರಿಗೆ ಸುಮ್ನೆ ಕೊಟ್ಟರೆ ಇನ್ನೂ ಬೇಗ.

ಮಗಳಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ ಇದೆ.

2006-07ರಲ್ಲಿ ಶುರುವಾದ ಯೋಜನೆಯ ಸೈಕಲ್‌ಗಳು ನಮ್ಮ ಎಷ್ಟೋ ಮನೆಗಳಲ್ಲಿವೆ. ಓದು ಮುಗಿಯೋವರೆಗೆ ಮಾರೋ ಮಾತು ಬೇಡ, ಅದು ಮಗುವಿನದು. ಆಮೇಲೆ ಕೊಡೋದಾದರೂ ಬೆಲೆ ಕಡಿಮೆಯೇ. ಒಂದೇ ಥರದವು ಊರೆಲ್ಲ ಇರುವಾಗ ಗಿರಾಕಿಗೆ ಆಯ್ಕೆ ಜಾಸ್ತಿ.

ಬಿಲ್ ಇಲ್ಲ. ಕದ್ದ ಸೈಕಲ್ ಅಲ್ಲ ಅಂತ ನಂಬೋದು ಹೇಗೆ?

ಹಳೇ ಸೈಕಲ್‌ಗೆ ಬಿಲ್ ಇರೋದು ಅಪರೂಪ. ಬೈಕಿನ ಹಾಗೆ ಆರ್‌ಸಿಯೂ ಇಲ್ಲ. ಇರೋದು ಫ್ರೇಮ್ ನಂಬರ್ ಒಂದೇ. ಸೈಕಲ್ ತಲೆಕೆಳಗು ಮಾಡಿದರೆ ಪೆಡಲ್ ಆಕ್ಸಲ್‌ನ ಅಡಿಯಲ್ಲೋ, ಇಲ್ಲವೇ ಸೀಟಿನ ಕೆಳಗೆ ಪೈಪು ಸೇರೋ ಜಾಗದಲ್ಲೋ ಒತ್ತಿರುತ್ತಾರೆ. ಆ ನಂಬರನ್ನ ಅರದಿಂದ ಉಜ್ಜಿ ಅಳಿಸಿದ್ದರೆ ಎಷ್ಟೇ ಅಗ್ಗವಾಗಿದ್ದರೂ ಬಿಟ್ಟು ಬನ್ನಿ. ಕದ್ದ ಮಾಲು ಅಂತ ಗೊತ್ತಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಕೊಂಡವನಿಗೂ ಶಿಕ್ಷೆ ಇದೆ, ಮೂರು ವರ್ಷದವರೆಗೆ ಜೈಲಾಗಬಹುದು.

ನಂಬರ್ ಸರಿ ಇದ್ದರೆ ಒಂದು ಬಿಳಿ ಹಾಳೆಯಲ್ಲಿ ಫ್ರೇಮ್ ನಂಬರ್, ಬೆಲೆ, ತಾರೀಕು, ಇಬ್ಬರ ಹೆಸರು ಬರೆದು ಸಹಿ ಹಾಕಿಸಿಕೊಳ್ಳಿ. 700 ರೂಪಾಯಿ ಸೈಕಲ್‌ಗೆ ಇದೆಲ್ಲ ಯಾಕೆ ಅಂತ ನಗುತ್ತಾರೆ. ನಗಲಿ. ಸಹಿ ಹಾಕೋಕೆ ಹಿಂದೆ ಮುಂದೆ ನೋಡಿದರೆ ಉತ್ತರ ಸಿಕ್ಕಿತಲ್ವಾ.

ಫೋಟೋ ಕಳಿಸಿದರೆ ಬೆಲೆ ಹೇಳ್ತೀರಾ?

ಪೂರ್ತಿ ಸೈಕಲ್‌ನ ಒಂದೇ ಫೋಟೋ ನೋಡಿ ಹೇಳೋಕಾಗೋದಿಲ್ಲ. ಚೈನ್ ಇರೋ ಬಲಗಡೆಯಿಂದ ಒಂದು, ಲಾಂಛನದ ಹತ್ತಿರದ್ದು ಒಂದು, ಹಿಂದಿನ ಹಬ್, ಸೀಟಿನ ಕೆಳಭಾಗ, ಎರಡೂ ರಿಮ್ಮು, ಫ್ರೇಮ್ ನಂಬರ್. ಒರೆಸಿ ತೆಗೆಯಿರಿ, ಎಣ್ಣೆ ಬಳಿದು ತೆಗೆಯಬೇಡಿ. ತೊಗಲಿನ ಸೀಟಿಗೆ ಬೂಷ್ಟು ಹಿಡಿದಿದ್ದರೆ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು, ಕೊಬ್ಬರಿ ಎಣ್ಣೆ ಸುರಿಯಬೇಡಿ. ಜಾಸ್ತಿ ಎಣ್ಣೆ ಕುಡಿದ ತೊಗಲು ಮೆತ್ತಗಾಗಿ ಜೋತುಬೀಳುತ್ತದೆ, ಆ ಸೀಟಿನ ಬೆಲೆ ಅಲ್ಲಿಗೆ ಮುಗಿಯಿತು.

ಓಡಿಸಿ ನೋಡ್ತೀನಿ ಅಂತ ಗಿರಾಕಿ ಕೇಳಿದರೆ ಕೊಡೋದಾ?

ಕೊಡಿ, ಅವನ ಚಪ್ಪಲಿನೋ ಬೈಕಿನ ಕೀನೋ ನಿಮ್ಮ ಹತ್ತಿರ ಇರಲಿ. ಇಳಿಜಾರಿನ ಕಡೆ ಕಳಿಸಬೇಡಿ, ಏರಿನ ಕಡೆ ಕಳಿಸಿ. ಚೈನು, ಗೇರು ಹೇಗಿದೆ ಅಂತ ಅವನಿಗೆ ಅಲ್ಲೇ ಗೊತ್ತಾಗುತ್ತದೆ, ಸೈಕಲ್ ಹತ್ತಿಕೊಂಡು ಓಡಿಹೋಗೋಕೂ ಆಗೋದಿಲ್ಲ.